ಕೊನೆಯ ತುತ್ತು, ಸಾವಿನ ಹೊತ್ತು

(ಬಸವಕಲ್ಯಾಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಕಲ್ಯಾಣದಲ್ಲಿ ದತ್ತಿ ಉಪನ್ಯಾಸ ಎಂದರೆ ವಚನದ ಮಾತೋ ಶಾಸನದ ಮಾತೋ ಇರುತ್ತದೆ ಎಂದುಕೊಂಡು ನೀವು ಬಂದಿರುತ್ತೀರಿ. ನಾನು ಆರಿಸಿಕೊಂಡಿರುವುದು ಶವಪರೀಕ್ಷೆಯ ಒಂದು ಸಣ್ಣ ಭಾಗವನ್ನು. ಸತ್ತವರ ಜಠರದಲ್ಲಿ ಉಳಿದ ಆಹಾರವನ್ನು ನೋಡಿ ಸಾವು ಎಷ್ಟು ಹೊತ್ತಿಗೆ ಆಗಿರಬಹುದು ಎಂದು ಅಂದಾಜು ಮಾಡುವ ವಿಷಯ ಅದು. ಊಟದ ಮುಂಚೆ ಇಂಥ ಮಾತೇ ಎಂದು ಕೆಲವರಿಗೆ ಅನಿಸಬಹುದು. ಮಕ್ಕಳೂ ಕೂತಿದ್ದಾರೆ, ಆದ್ದರಿಂದ ಮಾತನ್ನು ಮಿತಿಯಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಆಡದೆ ಬಿಡಲಾರೆ. ಈ ಜಿಲ್ಲೆಯ ತಾಲೂಕು ಆಸ್ಪತ್ರೆಗಳಲ್ಲಿ ಶವಪರೀಕ್ಷೆ ಮಾಡುತ್ತಾ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಅಲ್ಲಿ ಕಲಿತದ್ದರಲ್ಲಿ ವೈದ್ಯರಿಗಿಂತ ಊರಿನವರಿಗೇ ಹೆಚ್ಚು ತಿಳಿದಿರಬೇಕಾದ ಮಾತೊಂದಿದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಹೊಲದ ಬದುವಿನ ಮೇಲೆ ಸತ್ತು ಬಿದ್ದಿದ್ದ ಕೂಲಿಯೊಬ್ಬನ ಶವಪರೀಕ್ಷೆ ಮಾಡಿದೆ. ತಲೆಯ ಗಾಯವನ್ನು ಉದ್ದ, ಅಗಲ, ಆಳ ಅಳೆದು ಬರೆದೆ. ಜಠರದ ಕಾಲಂನಲ್ಲಿ ಮಾತ್ರ ‘ಅರೆಜೀರ್ಣವಾದ ಆಹಾರ ಇದೆ’ ಎಂದು ಗೀಚಿ ಮುಂದಕ್ಕೆ ಹೋದೆ. ಎರಡು ವರ್ಷದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಆರೋಪಿಯ ಪರ ವಕೀಲರು ಕೇಳಿದರು: ‘ಯಾವ ಆಹಾರ ಡಾಕ್ಟರೆ? ರೊಟ್ಟಿಯೋ ಅನ್ನವೋ? ಎಷ್ಟಿತ್ತು? ಅಳೆದಿರಾ? ಕರುಳು ಎಲ್ಲಿಯವರೆಗೆ ತುಂಬಿತ್ತು?’ ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ಸತ್ತವನ ಹೆಂಡತಿ ಕಿಟಕಿಯ ಬಳಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕಟಕಟೆಯಲ್ಲಿದ್ದ ಹುಡುಗನ ತಾಯಿಯೂ ನೋಡುತ್ತಿದ್ದಳು. ಇಬ್ಬರಿಗೂ ಬೇಕಾಗಿದ್ದದ್ದು ನಾನು ಬರೆಯದೆ ಬಿಟ್ಟ ಆ ಎರಡು ಸಾಲು. ಮರುದಿನವೇ ಗೆರೆ ಹಾಕಿದ ಒಂದು ಅಳತೆಯ ಜಾಡಿಯನ್ನು ಶವಾಗಾರದ ಕಪಾಟಿನಲ್ಲಿ ತಂದಿಟ್ಟುಕೊಂಡೆ.

ಈಗ ಹೊಟ್ಟೆಯ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ನಾವು ಉಂಡದ್ದು ಮೊದಲು ಜಠರದಲ್ಲಿ ನಿಲ್ಲುತ್ತದೆ. ಜಠರವು ನಿಮಿಷಕ್ಕೆ ಸುಮಾರು 3 ಸಲ ಹಿಂಡಿಕೊಳ್ಳುತ್ತದೆ. ಅದರ ಕೆಳತುದಿಯಲ್ಲಿ ಪೈಲೋರಸ್ ಎಂಬ ಬಿಗಿಯಾದ ಬಾಗಿಲು. ನೀರು, ಮಜ್ಜಿಗೆ, ಚಹಾ ಇಂಥವು ಬೇಗ ದಾಟಿಬಿಡುತ್ತವೆ. ಕುಡಿದ ನೀರಿನ ಅರ್ಧ ಭಾಗ ಸುಮಾರು 20 ನಿಮಿಷದಲ್ಲಿ ಕರುಳಿಗೆ ಇಳಿದಿರುತ್ತದೆ. ಗಟ್ಟಿ ಆಹಾರದ ಕತೆ ಬೇರೆ. ಅದು 1–2 ಮಿಲಿಮೀಟರಿನಷ್ಟು ನುಣ್ಣಗಾಗುವ ತನಕ ಆ ಬಾಗಿಲು ಬಿಡುವುದಿಲ್ಲ. ಜಠರಕ್ಕೆ ಮೊದಲ ಅರ್ಧ ಗಂಟೆ ಅರೆಯುವುದೇ ಕೆಲಸ, ಕಳಿಸುವುದು ಆಮೇಲೆ. ಎಣ್ಣೆ, ತುಪ್ಪ, ಮಾಂಸ ಇದ್ದರೆ ಇನ್ನೂ ನಿಧಾನ. ಪುಸ್ತಕಗಳಲ್ಲಿ ಒಂದು ಒರಟು ಲೆಕ್ಕ ಇದೆ. ಚಿಕ್ಕ ಉಪಾಹಾರವಾದರೆ ಅರ್ಧ ಗಂಟೆಯಿಂದ 2 ಗಂಟೆ, ಸಾಧಾರಣ ಊಟವಾದರೆ 3ರಿಂದ 4 ಗಂಟೆ, ಹೊಟ್ಟೆ ತುಂಬ ಉಂಡರೆ 4ರಿಂದ 6 ಗಂಟೆಯಲ್ಲಿ ಜಠರ ಬರಿದಾಗುತ್ತದೆ.

ಸಾವು ಬಂದ ಕ್ಷಣಕ್ಕೆ ಈ ಹಿಂಡುವಿಕೆ ನಿಲ್ಲುತ್ತದೆ, ಬಾಗಿಲು ಇದ್ದಂತೆ ಇರುತ್ತದೆ. ಆದ್ದರಿಂದ ಶವಪರೀಕ್ಷೆಯಲ್ಲಿ ಜಠರ ತೆರೆದರೆ ಒಂದು ವಿಷಯ ತಿಳಿಯುತ್ತದೆ: ಕೊನೆಯ ಊಟಕ್ಕೂ ಸಾವಿಗೂ ನಡುವೆ ಹೆಚ್ಚುಕಡಿಮೆ ಎಷ್ಟು ಹೊತ್ತು ಸಂದಿರಬಹುದು ಎಂದು. ಅಷ್ಟೇ. ಊಟ ಎಷ್ಟು ಗಂಟೆಗೆ ಆಯಿತು ಎಂದು ಯಾವ ಜಠರವೂ ಹೇಳುವುದಿಲ್ಲ. ಅದು ಬಡಿಸಿದವರಿಗೆ ಗೊತ್ತು. ಲೆಕ್ಕದ ಅರ್ಧ ಭಾಗ ಶವಾಗಾರದಲ್ಲಿದ್ದರೆ ಇನ್ನರ್ಧ ಅಡುಗೆಮನೆಯಲ್ಲಿದೆ. ಈ ಹೊತ್ತಿನ ನನ್ನ ಮಾತು ಕೊನೆಗೆ ಹೋಗಿ ನಿಲ್ಲುವುದು ಆ ಎರಡನೆಯ ಅರ್ಧದ ಮೇಲೆಯೇ. ಅದಕ್ಕೂ ಮುಂಚೆ ಮೊದಲ ಅರ್ಧವನ್ನು ಎಷ್ಟು ನಂಬಬಹುದು ಎಂದು ನೋಡೋಣ.

ಜೀವಂತ ಮನುಷ್ಯನ ಜಠರ ಹೇಗೆ ಕೆಲಸ ಮಾಡುತ್ತದೆ ಎಂದು ಕಣ್ಣಾರೆ ನೋಡಿ ಬರೆದವನು ಅಮೆರಿಕದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್. 1822ರ ಜೂನ್ 6ರಂದು ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣ ಕೂಲಿಗೆ ಹತ್ತಿರದಿಂದಲೇ ಬಂದೂಕಿನ ಗುಂಡು ತಗಲಿತು. ಅವನು ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಬೋಮಾಂಟ್ ಆ ತೂತಿನಿಂದ ಆಹಾರದ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದ. ವರ್ಷಗಟ್ಟಲೆ ಮಾಡಿದ 238 ಪ್ರಯೋಗಗಳ ವಿವರ 1833ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲೊಂದು ಪಟ್ಟಿ ಇದೆ. ಬೇಯಿಸಿದ ಅಕ್ಕಿಗೆ 1 ಗಂಟೆ, ಸುಟ್ಟ ಹಂದಿಯ ಕೊಬ್ಬಿನ ಮಾಂಸಕ್ಕೆ 5 ಗಂಟೆ 15 ನಿಮಿಷ, ಹೀಗೆ. ಜನ ಆ ಪಟ್ಟಿಯನ್ನು ರೈಲ್ವೆ ವೇಳಾಪಟ್ಟಿಯಂತೆ ನಂಬಿದರು. ಅದೇ ಪುಸ್ತಕದಲ್ಲಿ ಬೋಮಾಂಟ್ ಇನ್ನೊಂದನ್ನೂ ದಾಖಲಿಸಿದ್ದ: ಸೇಂಟ್ ಮಾರ್ಟಿನ್ ಸಿಟ್ಟಾದಾಗ ಅವನ ಜಠರದ ಒಳಮೈಯೇ ಬೇರೆಯಾಗುತ್ತಿತ್ತು, ಪಚನ ಕೆಡುತ್ತಿತ್ತು. ಕೊಲೆ ತನಿಖೆಗೆ ಬೇಕಾದ ಈ ಮಾತನ್ನು ಮಾತ್ರ ಹೆಚ್ಚು ಜನ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಯೋಚಿಸಿ ನೋಡಿ. ಸಾವಿನ ಮುಂಚೆ ಮನುಷ್ಯ ನೆಮ್ಮದಿಯಿಂದ ಇರುವುದು ಅಪರೂಪ. ಅಂಜಿಕೆ, ಜಗಳ, ಓಟ, ನೋವು ಎಲ್ಲವೂ ಜಠರವನ್ನು ನಿಲ್ಲಿಸುತ್ತವೆ. ತಲೆಗೆ ಪೆಟ್ಟು ಬಿದ್ದು ಎಚ್ಚರವಿಲ್ಲದೆ ಒಂದು ರಾತ್ರಿ, ಒಂದು ಹಗಲು ಆಸ್ಪತ್ರೆಯಲ್ಲಿದ್ದು ತೀರಿಕೊಂಡವರ ಹೊಟ್ಟೆಯಲ್ಲಿ ಉಂಡ ಅನ್ನ ಹಾಗೇ ಉಳಿದಿರುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆ ಇದ್ದವರ ಜಠರ ಸೋತಿರುತ್ತದೆ. ಕುಡಿತ, ಕೆಲವು ನೋವಿನ ಮಾತ್ರೆ, ಹೆರಿಗೆ ಬೇನೆ ಎಲ್ಲವೂ ನಿಧಾನ ಮಾಡುತ್ತವೆ. ಇನ್ನು ಸತ್ತ ಮೇಲೂ ಜಠರರಸ ಸುಮ್ಮನಿರುವುದಿಲ್ಲ. ಅದು ಜಠರದ ಗೋಡೆಯನ್ನೇ ಕರಗಿಸಬಲ್ಲದು ಎಂದು ಲಂಡನ್ನಿನ ಜಾನ್ ಹಂಟರ್ 1772ರಷ್ಟು ಹಿಂದೆಯೇ ಬರೆದಿದ್ದ.

ನಮ್ಮ ಕಡೆಯ ಊಟಕ್ಕೆ ಬರೋಣ. ಬೀದರ ಜಿಲ್ಲೆಯ ಜೀವ ನಿಂತಿರುವುದು ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇವುಗಳ ಮೇಲೆ. ಮುಂಜಾನೆ ಎರಡು ರೊಟ್ಟಿ ಉಂಡು ಹೊಲಕ್ಕೆ ಹೋದವನಿಗೆ ಹೊತ್ತು ಏರುವ ತನಕ ಹಸಿವೆಯ ಮಾತಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ಬರೀ ಅಭಿಮಾನದ ಮಾತಲ್ಲ. ಜೋಳದ ಪ್ರೋಟೀನು ಬೇಯಿಸಿದ ಮೇಲೆ ಜಠರರಸಕ್ಕೆ ಸುಲಭವಾಗಿ ಜಗ್ಗುವುದಿಲ್ಲ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಪಶ್ಚಿಮ ಆಫ್ರಿಕದ ಮಾಲಿ ದೇಶದವರೂ ನಮ್ಮ ಹಾಗೆ ಜೋಳ, ಸಜ್ಜೆ ಉಣ್ಣುವವರು. ಅಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜೋಳ–ಸಜ್ಜೆಯ ಗಟ್ಟಿ ಅಂಬಲಿಯು ಅನ್ನ, ಆಲೂಗಡ್ಡೆ, ಪಾಸ್ತಾಗಳಿಗಿಂತ ಎಷ್ಟೋ ನಿಧಾನವಾಗಿ ಜಠರ ಬಿಡುತ್ತದೆ. ಬ್ರೆಡ್ಡು, ಆಲೂಗಡ್ಡೆ, ಮಾಂಸ ಉಣ್ಣುವವರನ್ನು ನೋಡಿ ಕಟ್ಟಿದ ಲೆಕ್ಕವನ್ನು ಹುಮನಾಬಾದಿನ ಹಳ್ಳಿಯವನ ಹೊಟ್ಟೆಗೆ ಹಾಗೇ ಹಚ್ಚಬಾರದು ಎಂದು ನಾನು ಹೇಳುವುದು ಇದಕ್ಕೇ. ಎಳ್ಳಮಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಉಂಡವನ ಜಠರವೂ ಬಸ್‌ಸ್ಟ್ಯಾಂಡಿನಲ್ಲಿ ಸುಸ್ಲಾ ತಿಂದವನ ಜಠರವೂ ಒಂದೇ ಹೊತ್ತಿಗೆ ಬರಿದಾಗುವುದಿಲ್ಲ.

ಇಷ್ಟು ಅನುಮಾನ ಇದ್ದರೆ ಹೊಟ್ಟೆಯನ್ನು ಬಿಟ್ಟು ಬೇರೆ ಗುರುತುಗಳನ್ನೇ ನೋಡಬಾರದೇ ಎಂದು ಕೇಳಬಹುದು. ನೋಡುತ್ತೇವೆ. ಮೈ ಆರುವುದು, ಮೈ ಸೆಟೆಯುವುದು, ರಕ್ತ ಕೆಳಗಿಳಿದು ಚರ್ಮಕ್ಕೆ ಕಲೆ ಬರುವುದು ಎಲ್ಲವನ್ನೂ ನೋಡುತ್ತೇವೆ. ಆದರೆ ಮನುಷ್ಯನ ಮೈ ಬಿಸಿ 37 ಡಿಗ್ರಿ. ಚೈತ್ರ–ವೈಶಾಖದಲ್ಲಿ ಇಲ್ಲಿಯ ಹೊಲದಲ್ಲಿ ಬಿಸಿಲು 40 ದಾಟುತ್ತದೆ. ಸುತ್ತಲ ಗಾಳಿಯೇ ಮೈಗಿಂತ ಬಿಸಿಯಾಗಿದ್ದರೆ ಶವ ಆರುವುದು ಎಲ್ಲಿಂದ? ಸೆಟೆತವೂ ಬೇಗ ಬಂದು ಬೇಗ ಹೋಗುತ್ತದೆ. ಕೊಳೆಯುವುದು ಒಂದೇ ದಿನದಲ್ಲಿ ಶುರು. ತಂಪು ದೇಶದ ಪುಸ್ತಕ ಓದಿ ಬಂದ ಎಳೆಯ ವೈದ್ಯರು ಇಲ್ಲಿ ಎಡವುವುದು ಹೀಗೆ. ಹಾಗಾಗಿ ನಮ್ಮಲ್ಲಿ ಜಠರದ ಸಾಕ್ಷಿಗೆ ತೂಕ ಹೆಚ್ಚು ಬೀಳುತ್ತದೆ. ತೂಕ ಹೆಚ್ಚಾದಷ್ಟೂ ತಪ್ಪಿದಾಗ ಆಗುವ ಅನಾಹುತವೂ ದೊಡ್ಡದು.

ಆ ಅನಾಹುತ ಎಂಥದು ಎಂದು ತಿಳಿಯಲು ಕೆನಡಾ ದೇಶದ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂಟಾರಿಯೊ ಪ್ರಾಂತ್ಯದ ಕ್ಲಿಂಟನ್ ಬಳಿ 1959ರ ಜೂನ್ 9ರ ಸಂಜೆ 12 ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಊಟ ಮುಗಿಸಿ ಹೊರಗೆ ಹೋದಳು. ಊಟ ಮುಗಿದಾಗ ಸುಮಾರು ಪೌಣೆ ಆರು. ಅವಳದೇ ಶಾಲೆಯ ಸ್ಟೀವನ್ ಟ್ರಸ್ಕಾಟ್ ಎಂಬ 14 ವರ್ಷದ ಹುಡುಗ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋದದ್ದನ್ನು ಜನ ನೋಡಿದ್ದರು. ಹೆದ್ದಾರಿಯ ಬಳಿ ಬಿಟ್ಟು ಬಂದೆ, ಅವಳು ಒಂದು ಕಾರು ಹತ್ತಿ ಹೋದಳು ಎಂದು ಅವನ ಹೇಳಿಕೆ. ಎಂಟು ಗಂಟೆಯ ಹೊತ್ತಿಗೆ ಅವನು ಶಾಲೆಯ ಅಂಗಳಕ್ಕೆ ವಾಪಸ್ಸು ಬಂದಿದ್ದ. ಎರಡು ದಿನದ ಮೇಲೆ ಹುಡುಗಿಯ ಶವ ಪೊದೆಗಾಡಿನಲ್ಲಿ ಸಿಕ್ಕಿತು.

ಶವಪರೀಕ್ಷೆ ಮಾಡಿದ ಡಾ. ಜಾನ್ ಪೆನಿಸ್ಟನ್ ಜಠರದಲ್ಲಿದ್ದ ಸುಮಾರು ಒಂದು ಪೈಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಆಹಾರವನ್ನು ಗಾಜಿನ ಜಾಡಿಗೆ ಹಾಕಿ, ವಿದ್ಯುದ್ದೀಪದ ಬೆಳಕಿಗೆ ಹಿಡಿದು ನೋಡಿದರು. ಆಹಾರ ಹೆಚ್ಚು ಜೀರ್ಣವಾಗಿಲ್ಲ, ಆದ್ದರಿಂದ ಊಟವಾದ ಎರಡು ತಾಸಿನೊಳಗೆ ಸಾವು. ಅಂದರೆ ಏಳರಿಂದ ಏಳೂ ಮುಕ್ಕಾಲರ ನಡುವೆ. ಆ ಮುಕ್ಕಾಲು ತಾಸಿನಲ್ಲಿ ಅವಳ ಜೊತೆ ಇದ್ದವನು ಟ್ರಸ್ಕಾಟ್ ಒಬ್ಬನೇ. ಸಾವಿನ ಹೊತ್ತು ಎಂಟರ ಆಚೆಗೆ ಜಾರಿದ್ದರೆ ಹುಡುಗ ಬಿಡುಗಡೆ. ಜಾಡಿ ನೋಡಿ ಹೇಳಿದ ಆ ಒಂದು ಮಾತು ಅವನ ಕೊರಳಿಗೆ ಬಿತ್ತು. 1959ರ ಸೆಪ್ಟೆಂಬರಿನಲ್ಲಿ 14 ವರ್ಷದ ಮಗುವಿಗೆ ಗಲ್ಲು ಶಿಕ್ಷೆ ಘೋಷಣೆಯಾಯಿತು. 1960ರ ಜನವರಿಯಲ್ಲಿ ಅದು ಜೀವಾವಧಿಯಾಯಿತು. ಅವನು ಪೆರೋಲಿನ ಮೇಲೆ ಹೊರಬಂದದ್ದು 1969ರಲ್ಲಿ.

ಪೆನಿಸ್ಟನ್ 1966ರಲ್ಲಿ ತಾವೇ ತಮ್ಮ ಅಭಿಪ್ರಾಯವನ್ನು ಮತ್ತೆ ಪರಿಶೀಲಿಸಿ, ಹೊತ್ತನ್ನು ಅಷ್ಟು ಬಿಗಿಯಾಗಿ ಹೇಳಲಾಗದು ಎಂಬ ಕಡೆಗೆ ವಾಲಿದ್ದರು. ಆ ಟಿಪ್ಪಣಿ ಆಗ ಪ್ರತಿವಾದಿಗಳ ಕೈಗೆ ಸಿಗಲಿಲ್ಲ. ಕೊನೆಗೆ 2007ರ ಆಗಸ್ಟ್ 28ರಂದು ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಇದು ನ್ಯಾಯದ ಲೋಪವೆಂದು ಸಾರಿ ಟ್ರಸ್ಕಾಟ್‌ನನ್ನು ದೋಷಮುಕ್ತನನ್ನಾಗಿ ಮಾಡಿತು. ಆಗ ಅವನಿಗೆ 62 ವರ್ಷ. ಆ ಜಾಡಿಯಿಂದ ಆ ತೀರ್ಪಿಗೆ 48 ವರ್ಷ ಹಿಡಿಯಿತು. ಹುಡುಗಿಯನ್ನು ಕೊಂದವರು ಯಾರು ಎಂದು ಇವತ್ತಿಗೂ ಯಾವ ನ್ಯಾಯಾಲಯವೂ ಹೇಳಿಲ್ಲ. ವೈದ್ಯನ ಅತಿ ಖಚಿತ ಮಾತು ಎರಡು ಮನೆಗಳಿಗೂ ಅನ್ಯಾಯ ಮಾಡಿತು. ಈ ಮೊಕದ್ದಮೆಯನ್ನು ಓದಿದಾಗಲೆಲ್ಲ ನನಗೆ ನನ್ನ ಸಾಕ್ಷಿ ಕಟ್ಟೆಯೇ ನೆನಪಾಗುತ್ತದೆ. ನಾನು ಅಳೆಯದೆ ಬಿಟ್ಟೆ, ಅವರು ಅಳತೆ ಮೀರಿ ಹೇಳಿದರು.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಎಚ್ಚರದಿಂದಲೇ ನಡೆದಿದೆ. 1971ರ ಮಸ್ಜಿತ್ ತಾತು ರಾವೂಲ್ ಪ್ರಕರಣದಲ್ಲಿ ಕರುಳಿನಲ್ಲಿ ಮಲ ಇತ್ತೆಂಬ ಒಂದೇ ಕಾರಣಕ್ಕೆ ಸಾವಿನ ಹೊತ್ತನ್ನು ಊಹಿಸಬಾರದು, ಮಲಬದ್ಧತೆ ಇದ್ದಿರಬಹುದು, ಕಣ್ಣಾರೆ ಕಂಡವರ ಸಾಕ್ಷಿ ಇದ್ದಾಗ ಇಂಥ ಊಹೆಗೆ ಎಡೆಯಿಲ್ಲ ಎಂದಿತು. 1985ರ ಪಟ್ಟಿಪಾಟಿ ವೆಂಕಯ್ಯ ಪ್ರಕರಣದಲ್ಲಿ ಸಾವಿನ ಗಳಿಗೆಯನ್ನು ಗಣಿತದಂತೆ ನಿಖರವಾಗಿ ಹೇಳುವಷ್ಟು ವೈದ್ಯಶಾಸ್ತ್ರ ಇನ್ನೂ ಬೆಳೆದಿಲ್ಲ ಎಂಬ ಅರ್ಥದ ಮಾತು ಬಂತು. 2012ರ ಜಿತೇಂದರ್ ಕುಮಾರ್ ಪ್ರಕರಣದಲ್ಲಿ ಜಠರದ ಆಹಾರವೊಂದೇ ನಿರ್ಣಾಯಕವಲ್ಲ, ಬೇರೆ ಸಾಕ್ಷ್ಯದ ಬೆಂಬಲ ಬೇಕೇ ಬೇಕು ಎಂದು ಮತ್ತೆ ಹೇಳಿತು. ವಕೀಲ ಮಿತ್ರರಿಗೆ ಇವೆಲ್ಲ ಗೊತ್ತಿರುವವೇ. ನಾನು ಕೇಳುವುದು ಇಷ್ಟೇ: ಆ ಬೇರೆ ಸಾಕ್ಷ್ಯ ಎಲ್ಲಿಂದ ಬರಬೇಕು?

ಇಲ್ಲಿ ಕಲ್ಯಾಣದ ನಂಟು ಬರುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಇದೇ ಊರಿನಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆಸ್ತಿಯ ಪಾಲಿನ ಮೊಕದ್ದಮೆಗಳಿಂದಾಗಿ ಆ ಗ್ರಂಥದ ಹೆಸರು ದೇಶದ ಎಲ್ಲ ಕೋರ್ಟುಗಳಲ್ಲೂ ಕೇಳಿದೆ. ಆದರೆ ಅವನು ವ್ಯಾಖ್ಯಾನಿಸಿದ ಸ್ಮೃತಿಯ ವ್ಯವಹಾರ ಭಾಗದಲ್ಲಿ, ಕೊಂದವರು ಯಾರೆಂದು ತಿಳಿಯದ ಸಾವಿನ ವಿಚಾರಣೆ ಹೇಗಿರಬೇಕು ಎಂಬುದಕ್ಕೂ ಎರಡು ಶ್ಲೋಕಗಳಿವೆ. ಸತ್ತವನ ಮಕ್ಕಳನ್ನು, ಬಂಧುಗಳನ್ನು, ಮನೆಯ ಹೆಂಗಸರನ್ನು ಕೇಳಬೇಕು, ಜಗಳ ಯಾರ ಜೊತೆ ಇತ್ತು, ಯಾರೊಡನೆ ಹೊರಗೆ ಹೋಗಿದ್ದ ಎಂದು ವಿಚಾರಿಸಬೇಕು, ಸತ್ತ ಜಾಗದ ಹತ್ತಿರದವರನ್ನೂ ಬಿಡಬಾರದು ಎಂಬುದು ಅವುಗಳ ಭಾವ. ಅಲ್ಲಿರುವ ಎರಡು ಮಾತು ನನ್ನ ಮನಸ್ಸಿನಲ್ಲಿ ನಿಂತಿವೆ. ಒಂದು, ಬೇಗ ಕೇಳಬೇಕು. ಇನ್ನೊಂದು, ಮೆಲ್ಲಗೆ ಕೇಳಬೇಕು. ಒಂಬೈನೂರು ವರ್ಷದ ಮೇಲೂ ತನಿಖೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಇನ್ನೂ ಹಿಂದಿನದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ ಅದು. ಹಠಾತ್ತನೆ ಸತ್ತವರ ಪರೀಕ್ಷೆಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಶವಕ್ಕೆ ಎಣ್ಣೆ ಸವರಿ ಗುರುತುಗಳನ್ನು ನೋಡಬೇಕು, ವಿಷದ ಶಂಕೆ ಇದ್ದರೆ ಉಂಡು ಉಳಿದ ಆಹಾರವನ್ನು ಪರೀಕ್ಷಿಸಬೇಕು ಎಂದು ಅಲ್ಲಿದೆ. ಉಳಿದ ಆಹಾರ ಎಂಬ ಮಾತನ್ನು ಮರೆಯಬೇಡಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಬೇಗ, ಮೆಲ್ಲಗೆ ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಊರು, ವರ್ಷ ಬೇಡ. ಹೆದ್ದಾರಿಯ ಬದಿಯಲ್ಲಿ ಸತ್ತು ಬಿದ್ದಿದ್ದ ನಡುವಯಸ್ಸಿನ ಗಂಡಸು. ಪಂಚನಾಮೆಯಲ್ಲಿ ‘ರಾತ್ರಿ ಊಟ ಮಾಡಿ ಹೋದವರು ಬರಲಿಲ್ಲ’ ಎಂದಷ್ಟೇ ಇತ್ತು. ಶವಾಗಾರದ ಹೊರಗೆ ಬೇವಿನ ಮರದ ಕೆಳಗೆ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ: ‘ಅವ್ವಾ, ಏನ್ ಉಂಡು ಹೋಗಿದ್ರು?’ ‘ಎರಡು ರೊಟ್ಟಿ, ಪುಂಡಿಪಲ್ಯ ಉಂಡಾರ್ರಿ. ಹಿಂಡಿ ಹಚ್ಕೊಂಡಾರ.’ ‘ಎಷ್ಟೊತ್ತಿಗೆ?’ ‘ಟೈಮ್ ನಮಗೇನ್ ತಿಳೀತದ ಸಾಹೇಬ್ರ. ಉಣ್ಣಾಕ ಕುಂತಾಗ ಕರೆಂಟ್ ಹೋತು. ಚಿಮಣಿ ಹಚ್ಚಿಟ್ಟೆ.’

ಒಳಗೆ ಹೋಗಿ ಜಠರದ ಎರಡೂ ತುದಿ ಕಟ್ಟಿ ಹೊರತೆಗೆದು, ಬಿಳಿ ತಟ್ಟೆಗೆ ಸುರಿದು ನೋಡಿದೆ. ಸುಮಾರು 300 ಮಿಲಿಲೀಟರು. ಅದರಲ್ಲಿ ಅಗುಳು ಅಗುಳಾಗಿ ಎಣಿಸಬಹುದಾದ ಅನ್ನ, ತತ್ತಿಯ ಬಿಳಿ ಭಾಗದ ಚೂರು, ಟೊಮೆಟೊ ಸಿಪ್ಪೆ. ಪುಂಡಿಯ ನಾರಿಲ್ಲ, ಶೇಂಗಾದ ತುಣುಕಿಲ್ಲ. ರೊಟ್ಟಿ, ಪಲ್ಯ ಆಗಲೇ ಕೆಳಗೆ ಇಳಿದಿದ್ದವು. ಈ ಅನ್ನ ಮನೆಯದಲ್ಲ. ಮನೆಯ ಊಟ ಕರಗಿದ ಮೇಲೆ ಇನ್ನೆಲ್ಲೋ ಉಂಡಿದ್ದಾನೆ, ಉಂಡ ಸ್ವಲ್ಪ ಹೊತ್ತಿಗೇ ಸತ್ತಿದ್ದಾನೆ. ಮನೆಯ ಊಟದಿಂದ ಲೆಕ್ಕ ಹಾಕಿದ್ದರೆ ಸಾವಿನ ಹೊತ್ತು ರಾತ್ರಿಯ ಮೊದಲ ಭಾಗದ ಕಡೆಗೆ ಹೋಗುತ್ತಿತ್ತು, ಆ ಹೊತ್ತಿನಲ್ಲಿ ಅವನ ಜೊತೆ ಕಂಡವನೊಬ್ಬ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ತಟ್ಟೆಯಲ್ಲಿ ಕಂಡದ್ದನ್ನು ಸಬ್‌ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ಧಾಬಾಗಳಲ್ಲಿ ವಿಚಾರಿಸಲು ಹೊರಟರು. ಬೆಂಚಿನ ಮೇಲಿದ್ದವನನ್ನು ಸಂಜೆಗೆ ಮನೆಗೆ ಕಳಿಸಿದರು.

ಜಠರ ಎಷ್ಟು ಹೊತ್ತು ಎಂದು ಹೇಳುವುದರಲ್ಲಿ ತಡವರಿಸುತ್ತದೆ, ಏನು ಉಂಡದ್ದು ಎಂದು ಹೇಳುವುದರಲ್ಲಿ ಅಷ್ಟು ತಡವರಿಸುವುದಿಲ್ಲ. ಮೆಣಸಿನಕಾಯಿ ಬೀಜ, ಟೊಮೆಟೊ ಸಿಪ್ಪೆ, ಬೇಳೆಯ ಹೊಟ್ಟು, ಸೊಪ್ಪಿನ ನಾರು ಬಹಳ ಹೊತ್ತು ಗುರುತು ಸಿಗುತ್ತವೆ. ನನ್ನ ಅನುಭವದಲ್ಲಿ ಈ ಎರಡನೆಯ ಸಾಕ್ಷಿಯೇ ಹೆಚ್ಚು ನಂಬಿಕಸ್ಥ. ಪುಣೆ–ಹೈದರಾಬಾದ್ ರಸ್ತೆ ಸಸ್ತಾಪುರ ಬಂಗ್ಲಾ, ಹುಮನಾಬಾದ ದಾಟಿಕೊಂಡೇ ಹೋಗುತ್ತದೆ. ಅತ್ತ ಮಹಾರಾಷ್ಟ್ರ, ಇತ್ತ ತೆಲಂಗಾಣ. ಗುರುತು ಸಿಗದ ಶವಗಳು ನಮ್ಮ ತಾಲೂಕುಗಳಿಗೆ ಹೊಸತಲ್ಲ. ಕೊನೆಯ ಊಟ ಎಲ್ಲಿಯದು ಎಂದು ತಿಳಿದರೆ ಮನುಷ್ಯ ಎಲ್ಲಿಂದ ಬಂದ ಎಂಬುದರ ಎಳೆಯೂ ಸಿಗಬಹುದು.

ಆ ಹೆಂಡತಿಯ ಮಾತಿನಲ್ಲಿ ಇನ್ನೊಂದು ಇತ್ತು. ‘ಕರೆಂಟ್ ಹೋತು’ ಅಂದಳಲ್ಲ, ಅದು ಗಡಿಯಾರಕ್ಕಿಂತ ಗಟ್ಟಿ. ಕರೆಂಟು ಹೋದ ಹೊತ್ತು ಜೆಸ್ಕಾಂ ಸಬ್‌ಸ್ಟೇಷನ್ನಿನ ರಜಿಸ್ಟರಿನಲ್ಲಿ ಬರೆದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಕೈಗಡಿಯಾರ ನೋಡಿ ಯಾರೂ ಉಣ್ಣುವುದಿಲ್ಲ. ‘ಕಡೀ ಬಸ್ ಹೋಗಿತ್ತು’, ‘ಮಸೀದಿಯಾಗ ಇಶಾ ಬಾಂಗ್ ಆಗಿತ್ತು’, ‘ಡೇರಿಗೆ ಹಾಲು ಹಾಕಿ ಬಂದಿದ್ರು’ ಎನ್ನುತ್ತಾರೆ. ಪೊಲೀಸರು ಇದನ್ನು ‘ಅಂದಾಜು ರಾತ್ರಿ 9’ ಎಂದು ತಿದ್ದಿ ಬರೆಯುತ್ತಾರೆ. ದಯವಿಟ್ಟು ತಿದ್ದಬೇಡಿ ಎಂದು ನಾನು ಬೇಡುತ್ತೇನೆ. ಬಸ್ಸಿಗೆ ಡಿಪೋದಲ್ಲಿ ಲೆಕ್ಕವಿದೆ, ನಮಾಜಿಗೆ ವೇಳಾಪಟ್ಟಿಯಿದೆ, ಹಾಲಿಗೆ ಡೇರಿಯ ಚೀಟಿಯಿದೆ. ರಮಜಾನಿನ ಉಪವಾಸ ಬಿಡುವ ನಿಮಿಷ ಅಚ್ಚಾದ ಪಂಚಾಂಗದಲ್ಲೇ ಇರುತ್ತದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಪ್ರಸಾದವಾಗಲಿ, ಮದುವೆಯ ಪಂಕ್ತಿಯಾಗಲಿ, ಏನು ಬಡಿಸಿದರು, ಎಷ್ಟನೆಯ ಪಂಕ್ತಿ ಎಂದು ಹೇಳಲು ನೂರು ಜನ ಇರುತ್ತಾರೆ. ಜನ ಆಡಿದ ಹಾಗೆಯೇ ಬರೆದುಕೊಂಡರೆ ಆಮೇಲೆ ಗಂಟೆಗೆ ಇಳಿಸಬಹುದು. ಮೊದಲೇ ಗಂಟೆ ಬರೆದುಬಿಟ್ಟರೆ ಮತ್ತೆ ನಿಜದ ಕಡೆಗೆ ಹೋಗಲು ದಾರಿ ಉಳಿಯುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಾಗಿದೆ. ಅಸಹಜ ಸಾವಾದಾಗ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರಿನಲ್ಲಿ ಶವದ ಪಂಚನಾಮೆ ಆಗಬೇಕು. ಆ ಪಂಚರು ನೀವೇ, ಈ ಸಭೆಯಲ್ಲಿ ಕೂತವರೇ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ತಹಸೀಲ್ದಾರರೇ ಬಂದು ಪಂಚನಾಮೆ ಮಾಡುವುದು ನಮ್ಮಲ್ಲಿಯ ರೂಢಿ. ಅಂಥ ಸಾವಿನಲ್ಲಿ ಅವಳು ಕೊನೆಗೆ ಏನು ಉಂಡಳು, ಯಾರು ಕೊಟ್ಟರು, ಉಂಡಳೋ ಇಲ್ಲವೋ ಎಂಬ ಪ್ರಶ್ನೆಗೆ ಇರುವ ಬೆಲೆ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಜಠರ ಪೂರಾ ಬರಿದಾಗಿದ್ದರೆ ನಾನು ಯಾವಾಗಲೂ ಎರಡನೆಯ ಸಲ ಕೇಳುತ್ತಿದ್ದೆ: ಎಷ್ಟು ದಿನದಿಂದ ಉಂಡಿರಲಿಲ್ಲ?

ಎಳೆಯ ವೈದ್ಯರು ಯಾರಾದರೂ ಇಲ್ಲಿದ್ದರೆ ಅವರಿಗೊಂದು ಮಾತು. ಜಠರ ಮತ್ತು ಮೊದಲ 30 ಸೆಂಟಿಮೀಟರ್ ಸಣ್ಣ ಕರುಳನ್ನು ಬಾಟಲಿಗೆ ಹಾಕಿ, ಉಪ್ಪಿನ ಗಟ್ಟಿ ದ್ರಾವಣ ಸುರಿದು ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸುವ ಮುಂಚೆ ಐದು ನಿಮಿಷ ನಿಂತು ನೋಡಿ. ಎಷ್ಟು, ಯಾವುದು, ಯಾವ ವಾಸನೆ, ಕಾಳು ಎಷ್ಟು ಇಡಿಯಾಗಿವೆ ಎಂದು ಬರೆಯಿರಿ. ಪ್ರಯೋಗಾಲಯದವರು ಹುಡುಕುವುದು ವಿಷವನ್ನು. ಊಟವನ್ನು ನೋಡುವ ಅವಕಾಶ ಇರುವುದು ನಿಮ್ಮ ಮೇಜಿನ ಮೇಲೆ ಮಾತ್ರ. ಹೊತ್ತು ಹೇಳುವಾಗ ‘ಇಷ್ಟರಿಂದ ಇಷ್ಟರ ತನಕ’ ಎಂದು ಅಗಲವಾಗಿ ಹೇಳಿ. ಕೋರ್ಟಿನಲ್ಲಿ ಯಾರು ಎಷ್ಟು ಒತ್ತಿದರೂ ಆ ಅಗಲವನ್ನು ಕಿರಿದು ಮಾಡಬೇಡಿ.

ಇನ್ನು ಊರಿನವರಿಗೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಅದರ ಜೊತೆಗೇ ನೆರೆಯ ಹೆಣ್ಣುಮಕ್ಕಳು ಸಹಾಯಕ್ಕೆಂದು ಬಂದು ಆ ಮನೆಯ ಗಂಗಾಳ, ಬೋಗುಣಿ ಎಲ್ಲ ತಿಕ್ಕಿ ತೊಳೆದಿಡುತ್ತಾರೆ, ಉಳಿದ ಅನ್ನವನ್ನು ಎಮ್ಮೆಗೆ ಹಾಕುತ್ತಾರೆ. ಪೊಲೀಸರು ಬರುವ ಹೊತ್ತಿಗೆ ಅಡುಗೆಮನೆ ಸ್ವಚ್ಛವಾಗಿರುತ್ತದೆ, ಕೊನೆಯ ಊಟದ ಕುರುಹೂ ಅದರ ಜೊತೆಗೆ ಹೋಗಿರುತ್ತದೆ. ಸಾವಿನ ಬಗ್ಗೆ ಎಳ್ಳಷ್ಟು ಅನುಮಾನ ಇದ್ದರೂ ಪಂಚನಾಮೆ ಮುಗಿಯುವ ತನಕ ಆ ಮನೆಯ ಪಾತ್ರೆ ಮುಟ್ಟಬೇಡಿ. ಪಂಚರಾಗಿ ಬನ್ನಿ ಎಂದು ಕರೆದರೆ ಹಿಂದೆ ಸರಿಯಬೇಡಿ, ಹೋಗಿ. ಬಡಿಸಿದವಳನ್ನು ಒಂದು ಕಡೆ ಕೂರಿಸಿ, ನೀರು ಕೊಟ್ಟು, ಏನು ಉಂಡರು, ಆಗ ಏನು ನಡೆದಿತ್ತು ಎಂದು ಮೆಲ್ಲಗೆ ಕೇಳಿ. ಅವಳು ಹೇಳಿದ ಮಾತನ್ನು ಅವಳು ಹೇಳಿದಂತೆಯೇ ಬರೆಸಿದ್ದಾರೆಯೇ ಎಂದು ಓದಿ ನೋಡಿ, ಆಮೇಲೆ ಸಹಿ ಮಾಡಿ.